ಆನ್‌ಲೈನ್ ತರಗತಿಯ ಚರ್ಚೆಯಲ್ಲಿ ಮಕ್ಕಳು ಪರಸ್ಪರ ಮಾತನಾಡುವುದಿಲ್ಲ: ಅನುಭವವಿದ್ದವರು ತಿಳಿಸುವಿರಾ?

ಪ್ರಶ್ನೆ (ಮಂಜೇಶ್ವರ): ಪ್ಲಸ್ ಟು ವಿದ್ಯಾರ್ಥಿಗಳಿಗೆ ಸಂಜೆ ಗೂಗಲ್ ಮೀಟ್‌ನಲ್ಲಿ ಕನ್ನಡ ಪಾಠ ಮಾಡುತ್ತಿದ್ದೇನೆ. ಏನು ಕೇಳಿದರೂ ಒಂದಿಬ್ಬರು ನನಗೆ ಉತ್ತರಿಸುತ್ತಾರೆ, ಉಳಿದವರು ಚಾಟ್‌ನಲ್ಲಿ ‘ಎಸ್ ಟೀಚರ್’ ಎಂದು ಬರೆದು ಸುಮ್ಮನಾಗುತ್ತಾರೆ. ಒಬ್ಬರ ಮಾತಿಗೆ ಇನ್ನೊಬ್ಬರು ಪ್ರತಿಕ್ರಿಯಿಸುವಂತೆ ಮಾಡುವುದು ಹೇಗೆ?

ಬದಿಯಡ್ಕದ ಅಧ್ಯಾಪಕರು: ಟೀಚರ್, ಮೊದಲು ನೀವು ಕೇಳುವ ಪ್ರಶ್ನೆಯನ್ನೇ ಪರಿಶೀಲಿಸಿ. ಗೋವಿಂದ ಪೈಗಳು ಪ್ರಾಸವನ್ನು ಬಿಟ್ಟದ್ದು ಯಾವಾಗ ಎಂದು ಕೇಳಿದರೆ ಒಬ್ಬನು 1911 ಎಂದು ಬರೆಯುತ್ತಾನೆ. ಉಳಿದವರಿಗೆ ಹೇಳುವುದಕ್ಕೆ ಮತ್ತೇನೂ ಇರುವುದಿಲ್ಲ. ಅದರ ಬದಲು ದ್ವಿತೀಯಾಕ್ಷರ ಪ್ರಾಸವಿರುವ ಒಂದು ಪದ್ಯವನ್ನೂ ಅದಿಲ್ಲದ ಇನ್ನೊಂದನ್ನೂ ಮುಂದಿಟ್ಟು, ಕಿವಿಗೆ ಯಾವುದು ಹಿತ, ಏಕೆ ಎಂದು ಕೇಳಿದಾಗ, ತಾಳಮದ್ದಳೆ ಕೇಳಿ ಬೆಳೆದ ಹುಡುಗನೊಬ್ಬ ಪ್ರಾಸದ ಪರವಾಗಿ ವಾದಕ್ಕಿಳಿದ. ಅವನನ್ನು ಎದುರಿಸಿದವಳು ಅದುವರೆಗೆ ಮೈಕನ್ನೇ ತೆರೆಯದಿದ್ದ ಹುಡುಗಿ.

ಇನ್ನೊಂದು, ಕಾಯುವುದು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಾರೆಂದೂ, 3 ಸೆಕೆಂಡಿಗಿಂತ ಹೆಚ್ಚು ಕಾದರೆ ಉತ್ತರಗಳು ದೀರ್ಘವಾಗುವುದಲ್ಲದೆ ವಿದ್ಯಾರ್ಥಿಗಳ ನಡುವಿನ ಮಾತೂ ಹೆಚ್ಚುತ್ತದೆಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿಯೇ ತೋರಿಸಿದ್ದರು. ಅದು ಎದುರಾಎದುರು ಕುಳಿತ ತರಗತಿಯ ಲೆಕ್ಕ. ಮೈಕ್ ತೆರೆದು, ಧ್ವನಿ ತಲುಪುವಷ್ಟರಲ್ಲಿ ಅಷ್ಟು ಸಮಯ ಕಳೆದೇ ಹೋಗಿರುತ್ತದೆ. ಆದ್ದರಿಂದ ಇನ್ನೂ ಹೆಚ್ಚು ಕಾಯಬೇಕು. ಪ್ರತಿ ಉತ್ತರಕ್ಕೂ ‘ಸರಿ, ಚೆನ್ನಾಗಿ ಹೇಳಿದೆ’ ಎನ್ನುವ ನಮ್ಮ ಅಭ್ಯಾಸವೂ ಚರ್ಚೆಯ ಬಾಗಿಲು ಹಾಕುತ್ತದೆ. ಅದರ ಬದಲು ‘ಇದನ್ನು ಒಪ್ಪದವರು ಯಾರಿದ್ದೀರಿ?’ ಎಂದು ಕೇಳಿ ನೋಡಿ.

ಮುಳ್ಳೇರಿಯದ ಪೋಷಕಿ: ಮೈಕ್ ಮುಚ್ಚಿದ ಮಗುವಿಗೆ ಆಸಕ್ತಿಯಿಲ್ಲವೆಂದು ದಯವಿಟ್ಟು ತಿಳಿಯಬೇಡಿ. ಮಳೆ ಹೊಡೆದರೆ ನಮ್ಮಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಒಂದೇ ಫೋನಿಗೆ ಅಣ್ಣ ತಂಗಿ ಇಬ್ಬರೂ ಕಾಯುತ್ತಿರುತ್ತಾರೆ. ಅಲ್ಲದೆ, 2020ರ ಜೂನ್‌ನಲ್ಲಿ ಕೇರಳ ಸರಕಾರದ ಶೈಕ್ಷಣಿಕ ಟಿವಿ ವಾಹಿನಿ ಕೈಟ್ ವಿಕ್ಟರ್ಸ್‌ನಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದಾಗ ಪ್ರಾಥಮಿಕ ತರಗತಿಗಳಲ್ಲಿದ್ದ ಈ ಮಕ್ಕಳು ಪರದೆಯ ಪಾಠವೆಂದರೆ ಕೇಳಿಸಿಕೊಳ್ಳುವುದು ಎಂದೇ ಕಲಿತವರು. ಮರುದಿನ ಸಂಜೆಯವರೆಗೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶದ ಮೂಲಕ ಉತ್ತರಿಸಲು ಅವಕಾಶವಿತ್ತರೆ, ಕನ್ನಡದಲ್ಲಿ ಟೈಪ್ ಮಾಡಲು ಪರದಾಡುವ ನನ್ನ ಮಗನಂಥವರೂ ಮಾತನಾಡುತ್ತಾರೆ.

ಕಾಸರಗೋಡಿನ ಕಾಲೇಜು ಉಪನ್ಯಾಸಕರು: ಈ ಪೋಷಕಿ ಹೇಳಿದಂತೆ ತಡವಾಗಿ ಉತ್ತರಿಸುವ, ಆದರೆ ಲಿಖಿತವಾದ ಚರ್ಚೆಯೇ ನನ್ನ ಮಟ್ಟಿಗೆ ಹೆಚ್ಚು ಫಲ ಕೊಟ್ಟಿದೆ. ಮೂಡಲ್ (Moodle) ಎಂಬ ಆನ್‌ಲೈನ್ ಕಲಿಕಾ ತಂತ್ರಾಂಶದಲ್ಲಿ ‘ಪ್ರಶ್ನೋತ್ತರ’ ಬಗೆಯ ಚರ್ಚೆಯನ್ನು ಆರಿಸಿಕೊಂಡರೆ, ವಿದ್ಯಾರ್ಥಿಯು ತನ್ನ ಉತ್ತರವನ್ನು ಹಾಕುವವರೆಗೆ ಇತರರ ಉತ್ತರಗಳು ಕಾಣಿಸುವುದಿಲ್ಲ. ಜಾಣನೊಬ್ಬ ಬರೆದದ್ದನ್ನೇ ಉಳಿದವರು ತಿರುಗಿಸಿ ಬರೆಯುವ ಕಾಟ ಇದರಿಂದ ಬಹಳಮಟ್ಟಿಗೆ ತಪ್ಪಿತು.

ಆದರೆ ‘ಒಂದು ಉತ್ತರ, ಎರಡು ಪ್ರತಿಕ್ರಿಯೆ ಕಡ್ಡಾಯ’ ಎಂದು ಅಂಕದ ಆಸೆ ತೋರಿಸಿದರೆ, ‘ನಿನ್ನ ಅಭಿಪ್ರಾಯ ಚೆನ್ನಾಗಿದೆ’ ಎಂಬ ಸಾಲುಗಳ ರಾಶಿ ಬೀಳುತ್ತದೆಯೇ ಹೊರತು ಚರ್ಚೆಯಾಗುವುದಿಲ್ಲ. ಸಹಪಾಠಿಯ ಒಂದು ವಾಕ್ಯವನ್ನು ಎತ್ತಿಕೊಂಡು, ಅದಕ್ಕೆ ಏನನ್ನು ಸೇರಿಸುವಿರಿ ಅಥವಾ ಅದರಲ್ಲಿ ಏನನ್ನು ಒಪ್ಪುವುದಿಲ್ಲ ಎಂದು ಪಠ್ಯದ ಆಧಾರ ಸಹಿತ ಬರೆಯಬೇಕೆಂಬ ನಿಯಮ ಹೆಚ್ಚು ಉಪಯುಕ್ತ. ಇಡೀ ತರಗತಿಯ ಬದಲು ನಾಲ್ಕೈದು ಮಂದಿಯ ಗುಂಪುಗಳಲ್ಲಿ ಇದು ಸುಲಭವಾಗುತ್ತದೆ. ಮನೆಯಲ್ಲಿ ತುಳು, ಮಲಯಾಳಂ, ಕೊಂಕಣಿ ಆಡುವ ಮಕ್ಕಳಿಗೆ ಐದು ಜನರ ಮುಂದೆ ಗ್ರಾಂಥಿಕ ಕನ್ನಡದಲ್ಲಿ ತಡವರಿಸುವುದು ಐವತ್ತು ಜನರ ಮುಂದೆ ತಡವರಿಸುವಷ್ಟು ಕಷ್ಟವಲ್ಲ.

ಬದಿಯಡ್ಕದ ಮಾಷ್ ಹೇಳಿದ್ದರಲ್ಲಿ ಒಂದು ವಿಷಯಕ್ಕೆ ಮಾತ್ರ ನನ್ನ ತಕರಾರಿದೆ. ಅಧ್ಯಾಪಕರು ತೀರಾ ಹಿಂದೆ ಸರಿದರೂ ಚರ್ಚೆ ದಿಕ್ಕು ತಪ್ಪುತ್ತದೆ. ಆನ್‌ಲೈನ್ ಕಲಿಕೆಗೆ ವಿದ್ಯಾರ್ಥಿಗಳ ಒಡನಾಟ ಮತ್ತು ಚಿಂತನೆಯಷ್ಟೇ ಬೋಧಕರ ಇರವೂ ಅಗತ್ಯವೆಂದು ಶಿಕ್ಷಣ ಸಂಶೋಧಕರಾದ ಗ್ಯಾರಿಸನ್, ಆ್ಯಂಡರ್ಸನ್ ಮತ್ತು ಆರ್ಚರ್ 2000ದಲ್ಲಿ ಮಂಡಿಸಿದ ಚೌಕಟ್ಟು ಹೇಳುತ್ತದೆ. ನಾನು ದಿನಕ್ಕೊಮ್ಮೆ ಮಾತ್ರ ಚರ್ಚೆಯೊಳಗೆ ಹೋಗಿ, ತೀರ್ಪು ಕೊಡದೆ, ಪರಸ್ಪರ ವಿರುದ್ಧವಾಗಿರುವ ಇಬ್ಬರ ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ಆ ಇಬ್ಬರನ್ನೇ ಹೆಸರು ಹಿಡಿದು ಕೇಳುತ್ತೇನೆ.