ಧ್ವನಿ ಒಡೆಯುತ್ತಿರುವ ಮಗನನ್ನು ಸಂಗೀತ ಶಿಬಿರಕ್ಕೆ ಕಳಿಸಬಹುದೇ?

ಪ್ರಶ್ನೆ: ಬಾಗಲಕೋಟೆ ನವನಗರದ ಒಬ್ಬ ತಾಯಿ

ಸಂಗೀತ ಬಲ್ಲ ಹಿರಿಯರಿಗೆ ನಮಸ್ಕಾರ. ನನ್ನ ಮಗನಿಗೆ ಈಗ 14 ವರ್ಷ. ಐದು ವರ್ಷಗಳಿಂದ ಹಿಂದುಸ್ತಾನಿ ಗಾಯನ ಕಲಿಯುತ್ತಿದ್ದಾನೆ, ಜೂನಿಯರ್ ಪರೀಕ್ಷೆಯನ್ನೂ ಮುಗಿಸಿದ್ದಾನೆ. ಈ ಬೇಸಿಗೆ ರಜೆಯಲ್ಲಿ ಧಾರವಾಡದಲ್ಲಿ ಹದಿಹರೆಯದವರಿಗಾಗಿ ನಡೆಯುವ ಮೂರು ವಾರಗಳ ವಸತಿ ಶಿಬಿರಕ್ಕೆ ಆಯ್ಕೆಯಾಗಿದ್ದಾನೆ. ಹೊರಡಲು ಇನ್ನು ಆರು ವಾರಗಳಿವೆ.

ಆದರೆ ಎರಡು ತಿಂಗಳಿಂದ ಅವನ ಧ್ವನಿ ಒಡೆಯತೊಡಗಿದೆ. ಹಾರ್ಮೋನಿಯಂನ ಕಪ್ಪು ನಾಲ್ಕರ ಶ್ರುತಿಯಲ್ಲಿ ಸಲೀಸಾಗಿ ತಾರ ಷಡ್ಜ (ಮೇಲಿನ ಸಾ) ಮುಟ್ಟುತ್ತಿದ್ದವನು ಈಗ ಪಂಚಮ (ಪ) ದಾಟುವಷ್ಟರಲ್ಲಿ ಧ್ವನಿ ಸೀಳಿ ನಿಂತುಬಿಡುತ್ತಾನೆ. ಮೊನ್ನೆ ಸಂಜೆ ಹಾಡುತ್ತಿದ್ದವನು ನಡುವೆಯೇ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಇಂಥ ಸ್ಥಿತಿಯಲ್ಲಿ ಅವನನ್ನು ಕಳಿಸುವುದು ಸರಿಯೇ, ಅಥವಾ ಒಂದು ವರ್ಷ ಮುಂದೂಡಬೇಕೇ? ಕಳಿಸುವುದಾದರೆ ಈ ಆರು ವಾರಗಳಲ್ಲಿ ಇನ್ನೂ ಮೂರು ನಾಲ್ಕು ರಾಗಗಳನ್ನು ಹೇಳಿಕೊಡಲು ಅವನ ಗುರುಗಳನ್ನು ಕೇಳಿಕೊಳ್ಳಬೇಕೇ? ಮನೆಯಲ್ಲಿರುವ ಮೀರಜದ ತಂಬೂರಿಯನ್ನು ಜೊತೆಗೆ ಕಳಿಸುವುದು ಒಳ್ಳೆಯದೇ? ಅವನು ಇದುವರೆಗೆ ನಮ್ಮನ್ನು ಬಿಟ್ಟು ಎರಡು ರಾತ್ರಿಗಿಂತ ಹೆಚ್ಚು ಎಲ್ಲಿಯೂ ಉಳಿದವನಲ್ಲ. ದಯವಿಟ್ಟು ಅನುಭವದಿಂದ ತಿಳಿಸಿರಿ.

ಉತ್ತರ 1: ಬೆಳಗಾವಿಯ ಒಬ್ಬ ಗಾಯನ ಶಿಕ್ಷಕರು

ತಾಯಿ, ಮೊದಲು ನಿಮ್ಮ ಮಗನ ಭಯವನ್ನು ಬಿಡಿಸಬೇಕಾಗಿದೆ, ಏಕೆಂದರೆ ಅವನ ಗಂಟಲಿಗೆ ಯಾವ ಕೆಡುಕೂ ಆದಂತಿಲ್ಲ. ಈ ವಯಸ್ಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಅದರಿಂದ ಮಾತಿನ ಧ್ವನಿ ಸುಮಾರು ಒಂದು ಸಪ್ತಕದಷ್ಟು, ಎಂದರೆ ಮೇಲಿನ ಸಾದಿಂದ ಕೆಳಗಿನ ಸಾದವರೆಗಿನಷ್ಟು, ಕೆಳಗಿಳಿಯುತ್ತದೆ. ಈ ಇಳಿತ ಒಂದೇ ರಾತ್ರಿಯಲ್ಲಿ ಮುಗಿಯುವುದಿಲ್ಲ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಹಳೆಯ ಶ್ರುತಿಯಲ್ಲಿಯೇ ಹಾಡಿಸುವ ಹಟವೇ ಅವನನ್ನು ಬಾಗಿಲು ಹಾಕಿಕೊಳ್ಳುವಂತೆ ಮಾಡಿದೆ ಎಂದು ನನಗನಿಸುತ್ತದೆ.

ಆದ್ದರಿಂದ ನಾಳೆಯಿಂದಲೇ ಕಪ್ಪು ನಾಲ್ಕನ್ನು ಬಿಟ್ಟುಬಿಡಿ. ಪೇಟಿಯ (ಹಾರ್ಮೋನಿಯಂ) ಮುಂದೆ ಕೂರಿಸಿ, ಅವನು ಸಹಜವಾಗಿ ಮಾತನಾಡುವ ಎತ್ತರದ ಆಸುಪಾಸಿನಲ್ಲಿ ಒಂದೊಂದೇ ಮನೆಯನ್ನು (ಕೀಲಿಯನ್ನು) ಒತ್ತುತ್ತಾ ಹೋಗಿ, ಯಾವ ಷಡ್ಜದಲ್ಲಿ ಮಂದ್ರ (ಕೆಳಗಿನ ಸಪ್ತಕದ) ಪಂಚಮವೂ ಮಧ್ಯ ಪಂಚಮವೂ ಕತ್ತಿನ ನರ ಬಿಗಿಯದೆ ನಿಲ್ಲುತ್ತವೆಯೋ ಅದನ್ನು ಸದ್ಯದ ಶ್ರುತಿಯೆಂದು ಇಟ್ಟುಕೊಳ್ಳಿ. ಎರಡು ವಾರಕ್ಕೊಮ್ಮೆ ಮತ್ತೆ ನೋಡಿ. ಅದು ಇನ್ನೂ ಇಳಿಯಬಹುದು. ತಾರ ಸಪ್ತಕದ ಆಸೆಯನ್ನು ಸದ್ಯಕ್ಕೆ ಬಿಡಬೇಕು. ಅಷ್ಟೇ ಮುಖ್ಯವಾದ ಇನ್ನೊಂದು ಮಾತೆಂದರೆ, ಗಂಡು ಧ್ವನಿ ಬೇಗ ಬರಲಿ ಎಂದು ಕೆಲವು ಹುಡುಗರು ಖರ್ಜವನ್ನು, ಎಂದರೆ ಮಂದ್ರ ಷಡ್ಜವನ್ನು, ಗಂಟಲಿನಿಂದ ಒತ್ತಿ ಹಿಡಿಯುತ್ತಾರೆ. ಅದೂ ಮೇಲಿನ ಸ್ವರಕ್ಕೆ ಚೀರುವಷ್ಟೇ ಕೆಟ್ಟದ್ದು. ನೆಗಡಿಯಿಲ್ಲದೆಯೂ ಎರಡು ಮೂರು ವಾರ ಬಿಡದೆ ಗೊಗ್ಗರು ಧ್ವನಿಯಿದ್ದರೆ, ಅಥವಾ ಹಾಡುವಾಗ ನೋವಾದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿರಿ.

ಧ್ವನಿ ಬದಲಾದರೆ ಸಂಗೀತ ಮುಗಿಯಿತು ಎಂದು ಅವನು ತಿಳಿದಿದ್ದರೆ ಗಂಗೂಬಾಯಿ ಹಾನಗಲ್ ಅವರ ಸಂಗತಿಯನ್ನು ಹೇಳಿರಿ. ಎಳೆಯ ವಯಸ್ಸಿನಲ್ಲಿ ಅವರದು ತೆಳುವಾದ, ಎತ್ತರದ ಧ್ವನಿಯಾಗಿತ್ತು. ಗಂಟಲಿನ ಚಿಕಿತ್ಸೆಯ ನಂತರ ಅದು ತಗ್ಗಿ ಗಡುಸಾಯಿತು. ನಾವೆಲ್ಲ ಕಿವಿಗೊಟ್ಟು ಕೇಳಿದ್ದು ಆ ಗಡಸು ಧ್ವನಿಯನ್ನೇ. ಅವರ ಎರಡೂ ಕಾಲದ ಧ್ವನಿಮುದ್ರಣಗಳು ಸಿಗುತ್ತವೆ. ಜೊತೆಗೆ ಕುಳಿತು ಕೇಳಿಸಿರಿ.

ಹೊಸ ರಾಗಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬೇಡ. ಅವನಿಗೆ ಬರುವ ಭೂಪ ರಾಗವನ್ನೇ ಈ ಆರು ವಾರ ಹಾಡಲಿ. ಐದೇ ಸ್ವರಗಳು, ಸಾ ರೇ ಗ ಪ ಧ. ಇದೇ ಸ್ವರಗಳು ಬೆಳಗಿನ ದೇಶಕಾರ ರಾಗದಲ್ಲಿಯೂ ಇವೆ, ಆದರೆ ಅಲ್ಲಿ ಧೈವತಕ್ಕೆ ಒತ್ತು, ಇಲ್ಲಿ ಗಾಂಧಾರಕ್ಕೆ. ಇಪ್ಪತ್ತು ನಿಮಿಷ ತಾನಗಳಿಲ್ಲದೆ (ವೇಗದ ಸ್ವರಗುಚ್ಛಗಳಿಲ್ಲದೆ), ಒಂದೊಂದು ಸ್ವರದ ಮೇಲೆ ನಿಂತು, ದೇಶಕಾರದ ನೆರಳು ಬೀಳದಂತೆ ಭೂಪವನ್ನು ಬೆಳೆಸಬಲ್ಲ ಹುಡುಗನಿಗೆ ಶಿಬಿರದಲ್ಲಿ ಏನನ್ನು ಹೇಳಿಕೊಟ್ಟರೂ ಹಿಡಿಯುತ್ತದೆ. ಒಡೆಯುತ್ತಿರುವ ಧ್ವನಿಗೂ ಈ ನಿಧಾನವೇ ಹಿತ. ಹತ್ತು ರಾಗಗಳ ಬಂದಿಶ್‌ಗಳನ್ನು ಬಾಯಿಪಾಠ ಮಾಡಿಕೊಂಡು ಬಂದು, ತಂಬೂರಿಯ ಷಡ್ಜಕ್ಕೆ ತನ್ನ ಷಡ್ಜವನ್ನು ಕೂಡಿಸಲಾರದ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ಅದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ.

ಮೀರಜದ ತಂಬೂರಿ ಮನೆಯಲ್ಲಿಯೇ ಇರಲಿ. ಅದರ ಕುಂಬಳದ ಬುರುಡೆ ಬಸ್ಸಿನ ಒಂದು ಕುಲುಕಿಗೆ ಬಿರುಕು ಬಿಟ್ಟರೆ ರಿಪೇರಿ ಸುಲಭವಲ್ಲ. ಇಲೆಕ್ಟ್ರಾನಿಕ್ ತಂಬೂರಿ ಸಾಕು. ಆದರೆ ಹೊರಡುವ ಮೊದಲು ಅವನಿಗೆ ನಿಜವಾದ ತಂಬೂರಿಯನ್ನು ಕೂಡಿಸಲು ಕಲಿಸಿರಿ. ತಂತಿಗಳನ್ನು ಶ್ರುತಿಗೆ ತಂದ ಮೇಲೆ, ತಂತಿಗಳನ್ನು ಹೊತ್ತ ಕುದುರೆಯೆಂಬ ತುಂಡಿನ ಮೇಲೆ ತಂತಿಯ ಕೆಳಗಿರುವ ಜೀವಾರಿಯ ದಾರವನ್ನು ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಸರಿಸುತ್ತಿರಬೇಕು; ಮಂಕಾಗಿದ್ದ ತಂತಿ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಬಾಯಿ ಬಿಟ್ಟು ದುಂಬಿಯಂತೆ ಮೊರೆಯುತ್ತದೆ. ಆ ಜಾಗವನ್ನು ತನ್ನ ಕಿವಿಯಿಂದಲೇ ಕಂಡುಕೊಂಡ ಹುಡುಗ ಅದನ್ನು ಮರೆಯುವುದಿಲ್ಲ.

ಕಳಿಸಿರಿ, ಮುಂದೂಡಬೇಡಿ. ಧ್ವನಿಯ ಸ್ಥಿತಿಯನ್ನು ಮಾತ್ರ ಶಿಬಿರದ ಗುರುಗಳಿಗೆ ಮುಂಚಿತವಾಗಿ ಬರೆದು ತಿಳಿಸಿರಿ.

ಉತ್ತರ 2: ವಿಜಯಪುರದ ತಬಲಾ ವಿದ್ಯಾರ್ಥಿನಿ, ದ್ವಿತೀಯ ಪಿಯುಸಿ

ಅಕ್ಕನವರೇ, ನಾನು ಎರಡು ವರ್ಷಗಳ ಹಿಂದೆ ಇಂಥದೇ ಒಂದು ಶಿಬಿರದಲ್ಲಿ ಇದ್ದು ಬಂದವಳು. ಅಲ್ಲಿ ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿದ್ದರು, ಆರಕ್ಕೆ ಸಾಧನೆ ಆರಂಭವಾಗುತ್ತಿತ್ತು. ಮನೆಯಲ್ಲಿ ಎಂಟಕ್ಕೆ ಏಳುತ್ತಿದ್ದ ನನಗೆ ಮೊದಲ ನಾಲ್ಕು ದಿನ ಬೋಲುಗಳಿಗಿಂತ ನಿದ್ದೆಯೇ ದೊಡ್ಡ ಪಾಠವಾಯಿತು. ಈಗಿನಿಂದಲೇ ತಮ್ಮನನ್ನು ಬೇಗ ಎಬ್ಬಿಸಿ, ಒಂದು ಗಂಟೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಅಲುಗಾಡದೆ ಕೂರುವುದನ್ನು ರೂಢಿ ಮಾಡಿಸಿರಿ. ಮೊಣಕಾಲು ನೋಯುತ್ತಿದ್ದರೆ ಸ್ವರದ ಮೇಲೆ ಮನಸ್ಸು ನಿಲ್ಲುವುದಿಲ್ಲ.

ತಬಲಾ ಒಯ್ಯುವ ಮಕ್ಕಳ ಪಾಲಕರು ಇದನ್ನು ಓದುತ್ತಿದ್ದರೆ ಒಂದು ಮಾತು. ನಮ್ಮ ಕಡೆಯ ಒಣ ಬಿಸಿಲಿನಲ್ಲಿ ಏರಿ ನಿಂತ ತಬಲಾ, ಧಾರವಾಡದಲ್ಲಿ ಮೇ ತಿಂಗಳ ಅಡ್ಡ ಮಳೆ ಬಿದ್ದ ಸಂಜೆ ಚರ್ಮ ತೇವ ಹೀರಿ ಸಡಿಲಾಗಿ ಕೆಳಗಿಳಿದಿರುತ್ತದೆ. ಸುತ್ತಿಗೆ, ಎರಡು ಸಿಂಬಿ, ದಪ್ಪ ಬಟ್ಟೆಯ ಚೀಲ ಮರೆಯಬಾರದು. ಪಕ್ಕದ ಮರದ ಗಟ್ಟಗಳನ್ನು ಸುತ್ತಿಗೆಯಿಂದ ಬಡಿದು ಶ್ರುತಿ ಏರಿಸುವುದನ್ನು ಮಗುವೇ ಕಲಿತಿರಬೇಕು. ನಾನು ಕಲಿತಿರಲಿಲ್ಲ, ದಿನವೂ ಇನ್ನೊಬ್ಬರ ಮುಂದೆ ನಿಲ್ಲಬೇಕಾಯಿತು.

ಮೊಬೈಲಿನಲ್ಲಿ ನಾನು ಮುದ್ರಿಸಿಕೊಂಡ ಪಾಠಗಳನ್ನು ಮತ್ತೆ ಕೇಳಲೇ ಇಲ್ಲ. ರಾತ್ರಿ ಮಲಗುವ ಮುನ್ನ ನೋಟ್‌ಬುಕ್ಕಿನಲ್ಲಿ ನೆನಪಿನಿಂದ ಬರೆದುಕೊಂಡ ಕಾಯದೆಗಳು (ತಬಲಾ ಬೋಲುಗಳ ರಚನೆಗಳು) ಮಾತ್ರ ಇಂದಿಗೂ ಕೈಯಲ್ಲಿವೆ.

ಉತ್ತರ 3: ಜಮಖಂಡಿಯ ಒಬ್ಬ ತಂದೆ

ಧ್ವನಿಮುದ್ರಣದ ಬಗ್ಗೆ ಮೇಲಿನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗುರುಗಳ ಅನುಮತಿ ಪಡೆದು ನನ್ನ ಮಗಳು ತಂದ ಯಮನ ರಾಗದ ಆಲಾಪವನ್ನು ಅವಳು ಈಗಲೂ ಸಂಜೆ ಹಾಕಿಕೊಂಡು ಕೇಳುತ್ತಾಳೆ, ಜೊತೆಗೆ ಹಾಡುತ್ತಾಳೆ. ಅನುಮತಿಯಿಲ್ಲದೆ ಮಾತ್ರ ಮುದ್ರಿಸಬಾರದು.

ಮನೆಯ ನೆನಪಿನ ವಿಷಯಕ್ಕೆ ಬಂದರೆ, ಮೊದಲ ವಾರ ನಾವೇ ದಿನಕ್ಕೆ ಮೂರು ಸಲ ಫೋನ್ ಮಾಡಿ ಅವಳನ್ನು ಅಳಿಸಿದೆವು. ಎರಡನೆಯ ವಾರ ರಾತ್ರಿ ಊಟದ ನಂತರ ಒಂದೇ ಸಲ ಮಾತನಾಡುವುದೆಂದು ಗೊತ್ತು ಮಾಡಿದ ಮೇಲೆ ಅವಳೂ ಶಾಂತಳಾದಳು, ನಾವೂ ಶಾಂತರಾದೆವು. ಬುತ್ತಿಯಲ್ಲಿ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಕೋಣೆಯ ಎಲ್ಲ ಮಕ್ಕಳಿಗೂ ಸಾಲುವಷ್ಟು ಕಟ್ಟಿರಿ. ಅವಳಿಗೆ ಮೊದಲ ಗೆಳತಿ ಸಿಕ್ಕಿದ್ದು ಆ ಡಬ್ಬಿಯಿಂದಲೇ.

ಪ್ರಶ್ನೆ ಕೇಳಿದ ತಾಯಿಯಿಂದ, ಐದು ದಿನಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಗುರುಗಳೂ ಮನೆಗೆ ಬಂದು ಪೇಟಿಯ ಮುಂದೆ ಕುಳಿತು ನೋಡಿದರು. ಸದ್ಯಕ್ಕೆ ಬಿಳಿ ಎರಡು ಎಂದು ನಿಶ್ಚಯವಾಯಿತು. ಗಂಗೂಬಾಯಿಯವರ ಎರಡೂ ಧ್ವನಿಗಳನ್ನು ಕೇಳಿದ ಮಗ ಬಹಳ ಹೊತ್ತು ಸುಮ್ಮನಿದ್ದು, ಎರಡನೆಯದನ್ನು ಇನ್ನೊಮ್ಮೆ ಹಾಕಲು ಹೇಳಿದ. ಶಿಬಿರಕ್ಕೆ ಪತ್ರ ಬರೆದಿದ್ದೇನೆ. ಇಂದು ಬೆಳಿಗ್ಗೆ ಐದೂವರೆಗೆ ಎದ್ದು, ಅಟ್ಟದಿಂದ ತಂಬೂರಿ ಇಳಿಸಿಕೊಟ್ಟೆ. ಮೂರು ತಂತಿಗಳು ಕೂಡಿವೆ. ಖರ್ಜದ ಜೀವಾರಿ ಇನ್ನೂ ತೆರೆದಿಲ್ಲ, ಬಾಗಿಲು ತೆರೆದಿಟ್ಟುಕೊಂಡೇ ದಾರ ಸರಿಸುತ್ತಾ ಕುಳಿತಿದ್ದಾನೆ.