ಸಂಖ್ಯಾಶಾಸ್ತ್ರ ಓದಿದವರಿಗೆ ಕಡಲಿನ ಕೆಲಸ: ಅನುಭವವಿದ್ದವರು ಹೇಳುವಿರಾ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಯಲಹಂಕ)

ಸಂಖ್ಯಾಶಾಸ್ತ್ರದ ಕೊನೆಯ ವರ್ಷದಲ್ಲಿದ್ದೇನೆ. ಸಹಪಾಠಿಗಳೆಲ್ಲ ಬ್ಯಾಂಕು, ವಿಮೆ, ಸಾಫ್ಟ್‌ವೇರ್ ಕಡೆ ಹೊರಟಿದ್ದಾರೆ. ನನ್ನ ಮನಸ್ಸು ಕಡಲ ಜೀವವೈವಿಧ್ಯ ಮತ್ತು ಮೀನುಗಾರಿಕೆ ಸಂಶೋಧನೆಯ ಮೇಲಿದೆ. ಪಿಯುಸಿಯ ನಂತರ ಜೀವಶಾಸ್ತ್ರ ಓದಿಲ್ಲ, ಈಜಲೂ ಬರುವುದಿಲ್ಲ. "ಕಡಲಿಲ್ಲದ ಊರಿನಲ್ಲಿ ಕುಳಿತು ಮೀನು ಎಣಿಸುತ್ತೀಯಾ?" ಎಂದು ಅಪ್ಪ ಕೇಳುತ್ತಾರೆ. ಈ ದಾರಿಯಲ್ಲಿ ನಡೆದವರು ಏನು ಹೇಳುತ್ತೀರಿ?

ಮಲ್ಲೇಶ್ವರದಿಂದ, ಇಪ್ಪತ್ತೆರಡು ವರ್ಷ ಮೀನುಗಾರಿಕೆ ಅಂಕಿಅಂಶದ ಕೆಲಸ ಮಾಡಿದವರು

ತಂಗಿ, ಮೀನು ಎಣಿಸುವುದು ಸಣ್ಣ ಕೆಲಸವಲ್ಲವೆಂದು ಮೊದಲು ಅಪ್ಪನಿಗೆ ಹೇಳಿ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ದಕ್ಕೆಗಳಲ್ಲಿ ಇಳಿಯುವ ಪ್ರತಿ ಬುಟ್ಟಿಯನ್ನೂ ತೂಗಿ ನೋಡಲು ಯಾರಿಂದಲೂ ಆಗದು. ಅದಕ್ಕಾಗಿ 1947ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹಲವು ಹಂತಗಳ ಮಾದರಿ ಸಮೀಕ್ಷೆಯನ್ನು ರೂಪಿಸಿತು. ಕರಾವಳಿಯನ್ನು ವಲಯಗಳಾಗಿ, ತಿಂಗಳನ್ನು ಹತ್ತು ಹತ್ತು ದಿನಗಳಾಗಿ ಒಡೆಯುತ್ತಾರೆ. ಯಾದೃಚ್ಛಿಕವಾಗಿ ಆಯ್ದ ದಿನ ಸಮೀಕ್ಷಕರು ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ, ಮರುದಿನ ಬೆಳಗ್ಗೆ 6ರಿಂದ 12ರವರೆಗೆ ದಕ್ಕೆಯಲ್ಲಿರುತ್ತಾರೆ. ನಡುವಿನ ರಾತ್ರಿ ಬಂದ ದೋಣಿಗಳ ಲೆಕ್ಕವನ್ನು ಅಲ್ಲಿದ್ದವರನ್ನು ಕೇಳಿ ಬರೆದುಕೊಳ್ಳುತ್ತಾರೆ. ಬಂದ ದೋಣಿಗಳು 15 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಎಲ್ಲವನ್ನೂ ನೋಡುತ್ತಾರೆ, ಹೆಚ್ಚಿದ್ದರೆ ಆಯ್ದು ನೋಡುತ್ತಾರೆ. ನೀವು ತರಗತಿಯಲ್ಲಿ ಕಲಿತ ಸ್ತರೀಕರಣ (ಪದರಗಳಾಗಿ ವಿಂಗಡಿಸುವುದು), ಗುಚ್ಛ (ಗುಂಪುಗಳನ್ನೇ ಆಯ್ದುಕೊಳ್ಳುವುದು), ತೂಕದ ಗುಣಕ (ಆಯ್ದದ್ದರಿಂದ ಒಟ್ಟನ್ನು ಅಂದಾಜಿಸುವ ಗುಣಕ) ಎಲ್ಲವೂ ಇಲ್ಲಿ ಮೀನಿನ ವಾಸನೆಯ ನಡುವೆ ಎದ್ದು ನಿಲ್ಲುತ್ತವೆ.

ನನ್ನ ಮೊದಲ ವರ್ಷದ ತಪ್ಪೊಂದನ್ನು ಹೇಳಬೇಕು. ಒಂದು ಬಂದರಿನ ದತ್ತಾಂಶದಲ್ಲಿ ಜೂನ್, ಜುಲೈ ತಿಂಗಳ ಪ್ರಭೇದಗಳ ಸಂಖ್ಯೆ ತೀರಾ ಕುಸಿದಿತ್ತು. ಮಳೆಗಾಲದಲ್ಲಿ ವೈವಿಧ್ಯ ಕುಗ್ಗುತ್ತದೆಂದು ವರದಿ ಬರೆದೆ. ಅದನ್ನು ಓದಿದ ಹಿರಿಯ ಸಮೀಕ್ಷಕರು, "ಟ್ರಾಲ್ ಬೋಟುಗಳನ್ನೆಲ್ಲ ಕಟ್ಟಿಹಾಕಿರುವಾಗ ಆಳದ ಮೀನು ದಕ್ಕೆಗೆ ನಡೆದುಕೊಂಡು ಬರುತ್ತದೆಯೇ?" ಎಂದು ಕೇಳಿದರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆಗ ದಡಕ್ಕೆ ಬರುವುದು ನಾಡದೋಣಿಗಳು ಹತ್ತಿರದ ನೀರಿನಲ್ಲಿ ಹಿಡಿದದ್ದು ಮಾತ್ರ. ಕುಗ್ಗಿದ್ದು ಕಡಲಿನ ವೈವಿಧ್ಯವಲ್ಲ, ನನಗೆ ಕಡಲನ್ನು ತೋರಿಸುವ ಕಿಂಡಿ. ಕನ್ನಡದಲ್ಲಿ ಸಮೀಕ್ಷೆಗೆ ಆರಿಸಿದ ತುಣುಕಿಗೂ ಗಣಿತದ ರಚನೆಗೂ ಮಾದರಿ ಎಂಬ ಒಂದೇ ಪದವಿದೆ. ಮೊದಲನೆಯದು ಹೇಗೆ ಬಂತೆಂದು ಕೇಳದೆ ಎರಡನೆಯದನ್ನು ಕಟ್ಟಲು ಹೋಗಬೇಡಿ.

ಹೆಬ್ಬಾಳದಿಂದ, ಜೀವವೈವಿಧ್ಯ ದತ್ತಾಂಶ ವಿಶ್ಲೇಷಕಿ

ಈಜು ನನಗೂ ಬರುವುದಿಲ್ಲ, ಅದು ಕೆಲಸಕ್ಕೆ ಎಂದೂ ಅಡ್ಡಿಯಾಗಿಲ್ಲ. ಬೆಂಗಳೂರಿನಲ್ಲಿದ್ದೇ ಆರಂಭಿಸಬಹುದು. ಓಬಿಸ್ ಎಂಬ ಜಾಗತಿಕ ಸಾಗರ ಜೀವವೈವಿಧ್ಯ ಭಂಡಾರದ ದಾಖಲೆಗಳು ಉಚಿತ, ಅಂಕಿಅಂಶ ವಿಶ್ಲೇಷಿಸುವ ಆರ್ ತಂತ್ರಾಂಶವೂ ಉಚಿತ. ಅರಬ್ಬಿ ಸಮುದ್ರದ ದಾಖಲೆಗಳನ್ನು ಇಳಿಸಿಕೊಂಡು ನಕ್ಷೆ ಬರೆದು ನೋಡಿ. ನಕ್ಷೆಯ ಖಾಲಿ ಜಾಗದಲ್ಲಿ ಜೀವಿಗಳಿಲ್ಲವೆಂದು ಅರ್ಥವಲ್ಲ, ಹೆಚ್ಚಿನ ಕಡೆ ಯಾರೂ ಹೋಗಿ ನೋಡಿಲ್ಲವೆಂದು ಅರ್ಥ. ಇದನ್ನು ಸರಿದೂಗಿಸುವುದು ಹೇಗೆಂಬ ಪ್ರಶ್ನೆ ಹಿಡಿದುಕೊಂಡೇ ನಾನು ಈ ಕ್ಷೇತ್ರಕ್ಕೆ ಬಂದೆ.

ಸಿ.ಆರ್. ರಾವ್ ಅವರ ಹೆಸರನ್ನು ನೀವು, ಅಂದಾಜು ಎಷ್ಟು ನಿಖರವಾಗಬಲ್ಲದೆಂಬ ಮಿತಿ ಹೇಳುವ ಕ್ರಾಮರ್-ರಾವ್ ಅಸಮತೆಯಲ್ಲಿ ಓದಿರುತ್ತೀರಿ. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಅವರು 1982ರಲ್ಲಿ ವೈವಿಧ್ಯವನ್ನು ಅಳೆಯುವ ಕ್ವಾಡ್ರಾಟಿಕ್ ಎಂಟ್ರೊಪಿಯ ಬಗ್ಗೆ ಬರೆದರು. ಬಲೆಯಿಂದ ಕಣ್ಣುಮುಚ್ಚಿ ಎರಡು ಮೀನು ಎತ್ತಿದರೆ ಅವುಗಳ ನಡುವಿನ ವ್ಯತ್ಯಾಸ ಸರಾಸರಿ ಎಷ್ಟಿದ್ದೀತು ಎಂಬುದೇ ಅದರ ತಿರುಳು. ಬೂತಾಯಿ ಮತ್ತು ಬಂಗುಡೆ ಎರಡೂ ಮೇಲ್ನೀರಿನಲ್ಲಿ ಹಿಂಡಾಗಿ ಈಜುವವು. ಬೂತಾಯಿಯ ಜೊತೆ ತಳದ ತೊರಕೆ ಬಂದರೆ ಪ್ರಭೇದ ಆಗಲೂ ಎರಡೇ, ಆದರೆ ವೈವಿಧ್ಯ ಹೆಚ್ಚು. ಬರೀ ಹೆಸರುಗಳನ್ನು ಎಣಿಸಿದರೆ ಇದು ಕಾಣುವುದಿಲ್ಲ. ಇದನ್ನು ಅರ್ಥಮಾಡಿಕೊಂಡ ದಿನ ನಾನು ಊಟ ಮರೆತು ಕುಳಿತಿದ್ದೆ.

ಕೆಂಗೇರಿಯಿಂದ

ಕೆಲಸದ ಮಾತು. ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ ನಡೆಸುವ ಎ.ಆರ್.ಎಸ್. (ಕೃಷಿ ಸಂಶೋಧನಾ ಸೇವೆ) ಪರೀಕ್ಷೆಯಲ್ಲಿ ಕೃಷಿ ಸಂಖ್ಯಾಶಾಸ್ತ್ರದ ವಿಭಾಗವಿದೆ. ಅದರ ಮೂಲಕ ಮೀನುಗಾರಿಕೆ ಸಂಸ್ಥೆಗಳಿಗೂ ದಾರಿಯಿದೆ, ಪ್ರಕಟಣೆ ಬಂದಾಗ ಅರ್ಹತೆಯನ್ನು ಸರಿಯಾಗಿ ಓದಿಕೊಳ್ಳಿ. ಉಳಿದ ಬಹುಪಾಲು ಹುದ್ದೆಗಳು ಯೋಜನೆಗೆ ಕಟ್ಟಿದವು, ಯೋಜನೆ ಮುಗಿದರೆ ಸಂಬಳವೂ ಮುಗಿಯುತ್ತದೆ. ಮೂರು ಯೋಜನೆಗಳ ನಡುವೆ ನಾನು ಒಟ್ಟು ಹನ್ನೊಂದು ತಿಂಗಳು ಮನೆಯಲ್ಲಿ ಕುಳಿತಿದ್ದೆ. ಮನೆಯವರೊಡನೆ ಇದನ್ನು ಮೊದಲೇ ಮಾತಾಡಿ.

ಮಲ್ಪೆಯವಳು, ಈಗ ಜಯನಗರದಲ್ಲಿ ವಾಸ

ನನ್ನ ಅಜ್ಜ ದಡದಲ್ಲಿ ನಿಂತು ರಂಪಣಿ ಬಲೆ ಎಳೆದವರು. ಎಪ್ಪತ್ತರ ದಶಕದ ಕೊನೆಗೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದವು, ರಂಪಣಿ ಹಿಂದೆ ಸರಿಯಿತು. ಆ ಕಾಲದ ಪಟ್ಟಿಯಲ್ಲಿ ದೋಣಿಯೊಂದಕ್ಕೆ ಸಿಕ್ಕ ಮೀನು ಏರಿದ್ದು ಕಂಡರೆ ಕಡಲಲ್ಲಿ ಮೀನು ಹೆಚ್ಚಿತೆಂದು ಬರೆಯಬೇಡಿ, ಬಲೆ ಬದಲಾಗಿತ್ತು. ಹಿಂಡಾಗಿ ಈಜುವ ಮೀನು ಕಡಿಮೆಯಾದರೂ ಉಳಿದ ಹಿಂಡು ಎಲ್ಲಿದೆಯೆಂದು ಬೋಟು ನಡೆಸುವ ತಾಂಡೇಲರಿಗೆ ತಿಳಿದಿರುತ್ತದೆ, ಬಲೆ ತುಂಬುತ್ತಲೇ ಇರುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಬೋಟುಗಳ ಹಿಡಿತವನ್ನು ಅತಿಯಾಗಿ ನಂಬಿದ್ದರಿಂದ ಕಾಡ್ ಮೀನಿನ ಅಂದಾಜು ತಪ್ಪಿತು. 1992ರಲ್ಲಿ ಅಲ್ಲಿ ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು, ಸಾವಿರಾರು ಮನೆಗಳ ದುಡಿಮೆ ನಿಂತಿತು. ನೀವು ಬರೆಯುವ ಸಂಖ್ಯೆಯ ಆಚೆ ತುದಿಯಲ್ಲಿ ನಮ್ಮಂಥ ಮನೆಗಳಿವೆ. ದಯವಿಟ್ಟು ಅಂದಾಜಿನ ಜೊತೆ ಅದರ ದೋಷದ ಮಿತಿಯನ್ನೂ ಬರೆಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಮಲ್ಲೇಶ್ವರದ ಅಣ್ಣ, ರಾತ್ರಿಯ ದೋಣಿಗಳ ಲೆಕ್ಕ ಕೇಳಿ ಬರೆಯುವುದೆಂದಿರಿ. ಹಾಗಾದರೆ ಅಲ್ಲಿ ನೆನಪಿನ ದೋಷ ಸೇರುವುದಿಲ್ಲವೇ?

ಮಲ್ಲೇಶ್ವರದಿಂದ

ಸೇರಬಹುದು. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಇದನ್ನೇ ಹಿಡಿಯಿರಿ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿದ ಮೇಲೆ ಮಲ್ಪೆಗೆ ಹೋಗಿ, ಬೆಳಗ್ಗೆ ಆರಕ್ಕೆ ಮುಂಚೆ ದಕ್ಕೆಯಲ್ಲಿರಿ. ಒದ್ದೆಯಾದರೂ ಬರೆಯಲು ಬರುವ ಪೆನ್ಸಿಲ್ ತೆಗೆದುಕೊಂಡು ಹೋಗಿ.