ಅಪ್‌ಡೇಟ್: ಹಳೆಯ ಟ್ರಾಕ್ಟರ್‌ನಲ್ಲಿ ಬಿತ್ತನೆಯ ಆಳ ಕೊನೆಗೂ ಸಮವಾಯಿತು
ಸೆಕೆಂಡ್ ಹ್ಯಾಂಡ್ 55 ಎಚ್‌ಪಿ ಟ್ರಾಕ್ಟರ್‌ಗೆ ನಾಲ್ಕು ಸಾಲಿನ ಕೂರಿಗೆ ಜೋಡಿಸಿ ಗೋವಿನಜೋಳ ಬಿತ್ತಿದರೆ ಬಲಗಡೆಯ ಬೀಜ ಆಳಕ್ಕಿಳಿದು, ಎಡಗಡೆಯದು ಮೇಲೆಯೇ ಉಳಿಯುತ್ತಿದೆ ಎಂದು ಹಿಂದಿನ ವಾರ ಕೇಳಿದ್ದೆ. ಸಲಹೆಯಂತೆ ಹೈಡ್ರಾಲಿಕ್ ಎಣ್ಣೆ (ಕೂರಿಗೆಯನ್ನು ಎತ್ತಿಳಿಸುವ ವ್ಯವಸ್ಥೆಯದು) ಬದಲಿಸಿದರೂ ಆಳ ಸರಿಹೋಗಲಿಲ್ಲ; ಆದರೆ ಹಳೆಯ ಎಣ್ಣೆ ನೀರು ಸೇರಿ ಹಾಲಿನಂತೆ ಬೆಳ್ಳಗಾಗಿದ್ದುದರಿಂದ ಆ ಖರ್ಚು ವ್ಯರ್ಥವೆನ್ನಲಾರೆ. ಟಾಪ್ ಲಿಂಕ್ (ಟ್ರಾಕ್ಟರ್‌ಗೆ ಕೂರಿಗೆಯನ್ನು ಮೇಲ್ಗಡೆಯಿಂದ ಜೋಡಿಸುವ ಸರಳು) ಗಿಡ್ಡ ಮಾಡಿದಾಗ ಕೂರಿಗೆ ಮುಂದಕ್ಕೆ ಬಾಗಿತು, ಅಷ್ಟೆ.

ಫಲಿಸಿದ್ದು ಹಿಂದಿನ ಟೈರ್‌ಗಳನ್ನು ಅಳೆಯಿರಿ ಎಂದವರ ಮಾತು. ಎರಡರಲ್ಲೂ ಗಾಳಿ ಒಂದೇ ಇದ್ದರೂ, ಬಲಗಡೆಯದು ಸವೆದು ಎಡಗಡೆಯ ಹೊಸ ಟೈರ್‌ಗಿಂತ ಗಿಡ್ಡವಾಗಿತ್ತು; ಹಾಗಾಗಿ ಟ್ರಾಕ್ಟರ್ ಜೊತೆ ಕೂರಿಗೆಯೂ ಬಲಕ್ಕೆ ವಾಲುತ್ತಿತ್ತು. ಕೊಳ್ಳುವಾಗ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ಕೂರಿಗೆಯನ್ನು ತುಸು ಎತ್ತಿ, ಬಲ ಲಿಫ್ಟ್ ರಾಡಿನ (ಕೂರಿಗೆಯ ಬಲಬದಿಯನ್ನು ಎತ್ತಿ ಹಿಡಿಯುವ ಸರಳಿನ) ಹಿಡಿಕೆ ತಿರುಗಿಸುತ್ತ ಚೌಕಟ್ಟಿನ ಎರಡೂ ತುದಿಗಳನ್ನು ನೆಲದಿಂದ ಒಂದೇ ಎತ್ತರಕ್ಕೆ ತಂದ ಮೇಲೆ, ನಾಲ್ಕೂ ಸಾಲಿನಲ್ಲಿ ಬೀಜ ಸುಮಾರು 5 ಸೆಂ.ಮೀ. ಆಳಕ್ಕೆ ಬೀಳುತ್ತಿದೆ.